ಕಿವಿಗೊಟ್ಟು ಓದಿದ ವರ್ಷ

ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು ಕಣ್ಣಿನಲ್ಲಿ ಓದಿದವರು ಕಷ್ಟದ ಪುಸ್ತಕ ಎನ್ನುತ್ತಾರೆ. ದನಿಯೆತ್ತಿ ಓದಿದವರು ಹಾಗೆನ್ನುವುದನ್ನು ನಾನು ಕೇಳಿಲ್ಲ. ಈ ವರ್ಷದ ನನ್ನ ಓದೆಲ್ಲ ಹೆಚ್ಚುಕಡಿಮೆ ಈ ಒಂದು ವ್ಯತ್ಯಾಸದ ಸುತ್ತಲೇ ಸುತ್ತಿತು. ಹಾಗಾಗಿ ಡಿಸೆಂಬರಿನ ಈ ಅಂಕಣದಲ್ಲಿ ವರ್ಷದ ಹೊಸ ಪುಸ್ತಕಗಳ ಉದ್ದನೆಯ ಪಟ್ಟಿ ಸಿಗಲಾರದು. ಸಿಗುವುದು ಬಾಯಿಬಿಟ್ಟು ಓದಿದ ಕೆಲವು ಪುಸ್ತಕಗಳ ಮಾತು. ಅವುಗಳಲ್ಲಿ ಹೆಚ್ಚಿನವು ಹಳೆಯವು, ನಮ್ಮ ನಿಮ್ಮೆಲ್ಲರ ಮನೆಯ ಕಪಾಟಿನಲ್ಲಿ ಇರುವಂಥವು.

ಶುರುವಾದದ್ದು ಸಾಹಿತ್ಯದ ಕಾರಣಕ್ಕಲ್ಲ. ವರ್ಷದ ಆರಂಭದಲ್ಲಿ ಅಮ್ಮನ ಕಣ್ಣಿನ ಪೊರೆ ತೆಗೆಸಿದೆವು. ಕೆಲವು ವಾರ ಓದಬಾರದು, ಬಗ್ಗಬಾರದು, ಒಲೆಯ ಮುಂದೆ ನಿಲ್ಲಬಾರದು. ಓದದೆ ಇರುವುದು ಅಮ್ಮನಿಗೆ ಆಗದ ಮಾತು. “ನೀನೇ ಓದಿ ಹೇಳು” ಅಂದರು. ಕೈಗೆ ಸಿಕ್ಕಿದ್ದು ಶಿವರಾಮ ಕಾರಂತರ ‘ಬೆಟ್ಟದ ಜೀವ’. 1943ರ ಕಾದಂಬರಿ. ಕುಮಾರಪರ್ವತದ ಬುಡದ ಕಾಡಿನಲ್ಲಿ ದಾರಿ ತಪ್ಪಿದ ಶಿವರಾಮಯ್ಯ ಎಂಬಾತ ದೇರಣ್ಣ, ಬಟ್ಯ ಎಂಬಿಬ್ಬರ ಜತೆಯಲ್ಲಿ ಗೋಪಾಲಯ್ಯನ ಮನೆ ಸೇರುತ್ತಾನೆ. ಗೋಪಾಲಯ್ಯ, ಶಂಕರಮ್ಮ ಎಂಬ ಮುದಿ ದಂಪತಿ ಅವನನ್ನು ಇವತ್ತು ಹೋಗಬೇಡ, ನಾಳೆ ಹೋಗು ಎಂದು ನಿಲ್ಲಿಸಿಕೊಳ್ಳುತ್ತಾರೆ. ಮನೆ ಬಿಟ್ಟು ಹೋದ ಮಗ ಶಂಭುವಿನ ಸಂಕಟ ಇಬ್ಬರ ಒಳಗೂ ಇದೆ. ಕಥೆ ಅಂತ ಹೇಳುವುದಾದರೆ ಇಷ್ಟೇ. ಉಳಿದದ್ದು ಮಾತು. ಊಟದ ಮುಂದೆ ಮಾತು, ಜಗಲಿಯಲ್ಲಿ ಮಾತು, ತೋಟಕ್ಕೆ ಹೋಗುವ ದಾರಿಯಲ್ಲಿ ಮಾತು, ಹಾಸಿಗೆ ಹಾಸಿದ ಮೇಲೂ ಮಾತು.

ಈ ಕಾದಂಬರಿಯನ್ನು ‘ಪ್ರಕೃತಿಯ ಜೊತೆ ಮನುಷ್ಯನ ಹೋರಾಟ’ ಎಂದು ಪಾಠ ಮಾಡುತ್ತಾರೆ. ಅದು ಸುಳ್ಳಲ್ಲ. ಕಾಡು ಕಡಿದು ತೋಟ ಎಬ್ಬಿಸಿದ ಗೋಪಾಲಯ್ಯನ ಛಲ ಪುಟಪುಟದಲ್ಲೂ ಇದೆ. ಗಟ್ಟಿಯಾಗಿ ಓದುವಾಗ ಕೇಳಿಸಿದ್ದು ಮಾತ್ರ ಬೇರೆ. ಆ ಮುದುಕ ಯಾಕೆ ಅಷ್ಟು ಮಾತಾಡುತ್ತಾನೆ, ಯಾಕೆ ಅಷ್ಟು ನಗಿಸುತ್ತಾನೆ? ಹೆಂಡತಿ ಮಗನ ನೆನಪಿಗೆ ಜಾರದಂತೆ ನೋಡಿಕೊಳ್ಳುವುದೇ ಅವನ ದಿನನಿತ್ಯದ ದುಡಿಮೆ. ತೋಟದ ದುಡಿಮೆಗಿಂತ ಹೆಚ್ಚಿನದು. ಅವನ ಹಾಸ್ಯದ ಬೆನ್ನಿಗೇ ಶಂಕರಮ್ಮನ ಮೌನ ಬರುತ್ತದೆ. ಕಣ್ಣು ಆ ಮೌನವನ್ನು ಒಂದು ಸಾಲೆಂದು ದಾಟಿಬಿಡುತ್ತದೆ. ಬಾಯಿ ಅಲ್ಲಿ ನಿಲ್ಲಲೇಬೇಕು. ನಾನು ನಿಂತಾಗಲೆಲ್ಲ ಅಮ್ಮ “ಪಾಪ” ಎನ್ನುತ್ತಿದ್ದರು. ವಿಮರ್ಶೆ ಅಲ್ಲಿಗೆ ಮುಗಿಯುತ್ತಿತ್ತು, ಸರಿಯಾಗಿಯೇ.

ಅಮ್ಮನ ಕಣ್ಣು ಸರಿಹೋಯಿತು. ಓದುವ ಅಭ್ಯಾಸ ಮಾತ್ರ ನಿಲ್ಲಲಿಲ್ಲ. ಮುಂದೆ ಯಾವುದು ಎಂಬ ಪ್ರಶ್ನೆಗೆ ನಮ್ಮಂಥ ಶಿವಮೊಗ್ಗದ ಕಡೆಯವರಿಗೆ ಉತ್ತರ ಹುಡುಕಬೇಕಾಗಿಲ್ಲ: 1967ರಲ್ಲಿ ಬಂದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’.

ಇದನ್ನು ಪೂರ್ತಿ ದನಿಯೆತ್ತಿ ಓದುವುದು ದೊಡ್ಡ ಸಂಕಲ್ಪ. ತಿಂಗಳುಗಳೇ ಹಿಡಿದವು. ಆ ತಿಂಗಳುಗಳು ಈ ವರ್ಷದ ಅತ್ಯಂತ ಸುಖದ ಕಾಲ ಎಂದು ಹಿಂಜರಿಕೆಯಿಲ್ಲದೆ ಹೇಳುತ್ತೇನೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ತೀರ್ಥಹಳ್ಳಿ ಸೀಮೆ. ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹಳೆಮನೆ. ಗುತ್ತಿ, ತಿಮ್ಮಿ, ಐತ, ಪೀಂಚಲು, ಮುಕುಂದಯ್ಯ, ಚಿನ್ನಮ್ಮ, ನಾಗಕ್ಕ, ಹುಲಿಯ ಎಂಬ ನಾಯಿ. ಇದೆಲ್ಲ ಗೊತ್ತಿದ್ದದ್ದೇ. ಆದರೆ ಒಂದೇ ಕಾಡಿನೊಳಗೆ ಎಷ್ಟು ಬಗೆಯ ಕನ್ನಡಗಳಿವೆ ಎನ್ನುವುದು ನಾಲಗೆಗೆ ತಿಳಿದಷ್ಟು ಚೆನ್ನಾಗಿ ಕಣ್ಣಿಗೆ ತಿಳಿಯದು. ಹೆಗ್ಗಡೆ, ಗೌಡರ ಮನೆಯ ಚಾವಡಿಯ ಮಾತು ಒಂದು. ಅದೇ ಮನೆಯ ಒಳಗಿನ ಹೆಂಗಸರ ಮಾತು ಇನ್ನೊಂದು. ಹೊಲಗೇರಿಯ ಗುತ್ತಿಯ ಮಾತಿನ ಬಿರುಸು, ಒಡೆಯರ ಮುಂದೆ ಅದೇ ಗುತ್ತಿಯ ದನಿ ಇಳಿಯುವ ರೀತಿ. ಘಟ್ಟದ ಕೆಳಗಿನಿಂದ ದುಡಿಯಲು ಬಂದ ಐತ ಪೀಂಚಲು ಜೋಡಿಯ ಬೇರೆಯೇ ರಾಗ. ಸಾಬರ ಕನ್ನಡ. ಪಾದ್ರಿ ಜೀವರತ್ನಯ್ಯನ ಪುಸ್ತಕದಂಥ ಕನ್ನಡ. ಇವರೆಲ್ಲರ ಮೇಲೆ ಕಾಡನ್ನು ಬಣ್ಣಿಸುವಾಗ ಕುವೆಂಪು ಏರುವ ಸಂಸ್ಕೃತಮಯ ಕನ್ನಡ.

ಆ ಕೊನೆಯದರ ಬಗ್ಗೆ ಒಂದು ತಕರಾರು ಹಿಂದಿನಿಂದ ಇದೆ. ಮಲೆಯ ವರ್ಣನೆಗಳು ಉದ್ದ, ಕಥೆಯನ್ನು ತಡೆಯುತ್ತವೆ, ಹಾರಿಸಿ ಓದಬಹುದು ಎಂದು ಹಲವರು ಹೇಳುತ್ತಾರೆ. ಹಾರಿಸದೆ ಬಾಯಲ್ಲಿ ಹೇಳಿ ನೋಡಿ. ಆ ವಾಕ್ಯಗಳಿಗೆ ಮಹಾಕಾವ್ಯದ ಉಸಿರಿದೆ; ‘ಶ್ರೀ ರಾಮಾಯಣ ದರ್ಶನಂ’ ಬರೆದು ಮುಗಿಸಿದ ಕೈಯಿಂದ ಬಂದವು ಎನ್ನುವುದು ಉಸಿರಿಗೆ ಗೊತ್ತಾಗುತ್ತದೆ. ಆ ಎತ್ತರದಿಂದ ಒಮ್ಮೆಲೇ ಗುತ್ತಿಯ “ಹಚಾ” ಎಂಬ ಮಾತಿಗೆ ಇಳಿಯುವಾಗ ಆಗುವ ಸಂತೋಷವೇ ಈ ಕಾದಂಬರಿಯ ರಚನೆಯ ಗುಟ್ಟು. ವರ್ಣನೆ ಹಾರಿಸಿದರೆ ಎತ್ತರ ಹೋಗುತ್ತದೆ, ಇಳಿಯುವ ಸುಖವೂ ಅದರ ಜತೆಗೆ ಹೋಗುತ್ತದೆ. ಮೈಸೂರಿನ ರಂಗಾಯಣ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ 2010ರಲ್ಲಿ ಇದನ್ನು ರಾತ್ರಿಯಿಡೀ, ಒಂಬತ್ತು ಗಂಟೆಯ ನಾಟಕವಾಗಿ ಆಡಿತು. ಜನ ಕಂಬಳಿ ಹೊದ್ದು ಬೆಳಗಿನ ತನಕ ಕೂತು ನೋಡಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ಆ ಪುಸ್ತಕದೊಳಗೆ ಆ ದನಿಗಳು ಮೊದಲಿನಿಂದಲೂ ಇದ್ದವು.

ಕೊನೆಯ ಭಾಗದಲ್ಲಿ ಉಕ್ಕಿದ ತುಂಗೆಯನ್ನು ಗುತ್ತಿ ತಿಮ್ಮಿಯರು ದಾಟುವುದು, ಹುಲಿಯ ಹೊಳೆಯ ಪಾಲಾಗುವುದು ಓದುವಾಗ ನನ್ನ ದನಿ ನಡುಗಿತು. ನಾಯಿಯೊಂದರ ಸಾವನ್ನು ಅಷ್ಟು ದೊಡ್ಡ ಕಾದಂಬರಿಯ ತುದಿಗೆ ಇಡುವ ಧೈರ್ಯ ಎಷ್ಟು ಜನಕ್ಕಿದ್ದೀತು?

ಇಲ್ಲಿಯವರೆಗೆ ನನ್ನ ಕಡೆಯ ಮಾತು, ನಾಲಗೆಗೆ ಪರಿಚಯದ್ದು. ‘ಕುಸುಮಬಾಲೆ’ ಹಾಗಲ್ಲ. ಅದು ನಂಜನಗೂಡಿನ ಸೀಮೆಯ ಕನ್ನಡ, ನನಗೆ ದೂರದ್ದು. ಅದಕ್ಕೇ ಆ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಗೆಳೆಯರೊಬ್ಬರನ್ನು ಕರೆದೆ. ಒಂದು ಭಾನುವಾರ ಅವರು ಓದಿದರು, ನಾವು ಕೇಳಿದೆವು. ಮೊದಲ ಕೆಲವು ಪುಟಗಳಲ್ಲಿ ಪದಗಳ ಅರ್ಥ ಕೇಳುತ್ತಿದ್ದ ನಾವು ಸ್ವಲ್ಪ ಹೊತ್ತಿನಲ್ಲೇ ಕೇಳುವುದನ್ನು ಬಿಟ್ಟೆವು. ಬೇಕಾಗಲಿಲ್ಲ.

ನಮ್ಮ ಹೆಚ್ಚಿನ ಕಾದಂಬರಿಗಳಲ್ಲಿ ಪ್ರಾದೇಶಿಕ ಮಾತು ಉದ್ಧರಣ ಚಿಹ್ನೆಯ ಒಳಗೆ ಇರುತ್ತದೆ. ಪಾತ್ರಗಳು ಹಳ್ಳಿಯ ಕನ್ನಡ ಆಡುತ್ತವೆ, ಲೇಖಕ ಪಕ್ಕದಲ್ಲಿ ಕೂತು ಪುಸ್ತಕದ ಕನ್ನಡದಲ್ಲಿ ನಿರೂಪಿಸುತ್ತಾನೆ. ಮಹಾದೇವ ಆ ಕುರ್ಚಿಯನ್ನೇ ತೆಗೆದುಹಾಕಿದರು. ಕಥೆ ಹೇಳುವವನೇ ಆ ಕೇರಿಯ ದನಿಯಲ್ಲಿ ಹೇಳುತ್ತಾನೆ. ಹೇಳುವವನು ಆ ಲೋಕದವನೇ ಆದಮೇಲೆ ಆ ಲೋಕದ ನಂಬಿಕೆಗಳಿಗೆ ಸಮಜಾಯಿಷಿ ಕೊಡುವ ಅಗತ್ಯವೇ ಬೀಳುವುದಿಲ್ಲ. ಮನೆಮನೆಯ ದೀಪದಿಂದ ಜೋತಮ್ಮಗಳು ರಾತ್ರಿ ಎದ್ದು ಬಂದು ಒಂದೆಡೆ ಕೂತು ತಮ್ಮ ತಮ್ಮ ಮನೆಯ ಸುದ್ದಿ ಹೇಳಿಕೊಳ್ಳುತ್ತವೆ. ಮಂಚ ಮಾತಾಡುತ್ತದೆ. ವಿಮರ್ಶಕರು ಇದಕ್ಕೆ ಲ್ಯಾಟಿನ್ ಅಮೆರಿಕದ ಮಾಂತ್ರಿಕ ವಾಸ್ತವದ ಹೆಸರನ್ನು ತಂದು ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ. ದೀಪಗಳು ಹರಟೆ ಹೊಡೆಯುವ ಕಥೆಯನ್ನು ನಮ್ಮ ಅಜ್ಜಿಯರು ಹೇಳುತ್ತ ಬಂದಿದ್ದಾರೆ. ಎ.ಕೆ. ರಾಮಾನುಜನ್ ಅಂಥ ಕಥೆಗಳನ್ನು ಹಳ್ಳಿಹಳ್ಳಿಯಲ್ಲಿ ಕೇಳಿ ಬರೆದಿಟ್ಟಿದ್ದಾರೆ. ‘ಕುಸುಮಬಾಲೆ’ಯ ಬೇರು ಅಲ್ಲಿದೆ. ಆ ಮುದ್ದು ಮಾತಿನ ಒಳಗೇ ದಲಿತ ಹುಡುಗ ಚೆನ್ನನ ಕೊಲೆಯ ಸುದ್ದಿ ಹೂತುಹೋಗಿದೆ. ಅವನು ಬೊಂಬಾಯಿಗೆ ಹೋದ ಎಂದು ಊರು ಹೇಳಿಕೊಳ್ಳುತ್ತದೆ. ಕೇಳುತ್ತ ಕೂತ ನಮಗೂ ಸ್ವಲ್ಪ ಹೊತ್ತು ಹಾಗೇ ಅನ್ನಿಸಿಬಿಡುತ್ತದೆ. ಲಾಲಿಯ ಲಯದಲ್ಲಿ ಕ್ರೌರ್ಯವನ್ನು ಹೇಳುವ ಈ ವಿಧಾನ ಕಿವಿಗೆ ಬಿದ್ದಾಗಲೇ ಪೂರ್ತಿ ಭಯ ಹುಟ್ಟಿಸುತ್ತದೆ.

ಹಿರಿಯ ವಿದ್ವಾಂಸ ಎಲ್. ಬಸವರಾಜು ಈ ಗದ್ಯವನ್ನು ಸಾಲುಗಳಾಗಿ ಒಡೆದು ಕಾವ್ಯದ ರೂಪದಲ್ಲಿ ಹೊರತಂದಿದ್ದರು. ವಚನಗಳನ್ನೂ ಪಂಪನನ್ನೂ ಜೀವಮಾನವಿಡೀ ಓದಿದ ಕಿವಿ ಅವರದು. ಎಲ್ಲಿ ಉಸಿರು ನಿಲ್ಲಬೇಕೆಂದು ಆ ಕಿವಿಗೆ ಗೊತ್ತಿತ್ತು. ‘ಕುಸುಮಬಾಲೆ’ಯ ಹೊಸ್ತಿಲಲ್ಲಿ ನಿಂತುಬಿಟ್ಟ ಓದುಗರಿಗೆ ನಾನು ಆ ರೂಪವನ್ನೇ ಮೊದಲು ಓದಿ ಎನ್ನುತ್ತೇನೆ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ, ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದಾದ ಪುಸ್ತಕ ಇವತ್ತಿಗೂ ಇಷ್ಟು ಜನರಿಗೆ ಅಪರಿಚಿತವಾಗಿ ಉಳಿದಿರುವುದು ನನಗೆ ನಿಜವಾದ ನೋವು.

ಮೇ ತಿಂಗಳಲ್ಲಿ ಲಂಡನ್ನಿನಿಂದ ಸುದ್ದಿ ಬಂತು. ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ಗೆ 2025ರ ಅಂತರರಾಷ್ಟ್ರೀಯ ಬೂಕರ್. ಕನ್ನಡಕ್ಕೆ ಮೊದಲನೆಯದು, ಸಣ್ಣಕಥೆಗಳ ಸಂಕಲನವೊಂದಕ್ಕೆ ಆ ಬಹುಮಾನ ಬಂದದ್ದೂ ಅದೇ ಮೊದಲು. ಊರಿನ ಪುಸ್ತಕದಂಗಡಿಗಳಲ್ಲಿ ಆ ವಾರ ಬಾನು ಅವರ ಕನ್ನಡ ಪುಸ್ತಕ ಇದೆಯೇ ಎಂದು ಕೇಳುವವರ ಸಾಲು. ಹಾಸನದ ವಕೀಲೆಯೊಬ್ಬರು ಎಂಬತ್ತರ ದಶಕದ ಬಂಡಾಯದ ಕಾಲದಿಂದ ಬರೆಯುತ್ತ ಬಂದದ್ದು ಹೀಗೆ ಒಂದೇ ದಿನ ಎಲ್ಲರಿಗೂ ಬೇಕಾದದ್ದು ತಡವಾದ ನ್ಯಾಯ. ಆದರೂ ನ್ಯಾಯ.

ಅವರ ಕಥೆಗಳನ್ನು ನಾನು ಕನ್ನಡದಲ್ಲೇ ಮತ್ತೆ ತೆಗೆದುಕೊಂಡೆ. ‘ಕರಿ ನಾಗರಗಳು’ ಅನೇಕರಿಗೆ ಗಿರೀಶ ಕಾಸರವಳ್ಳಿಯವರ ‘ಹಸೀನಾ’ ಚಿತ್ರದ ಮೂಲಕ ಗೊತ್ತು. ಗಂಡ ಬಿಟ್ಟ ಹೆಂಗಸು ಮಕ್ಕಳೊಡನೆ ಮಸೀದಿಯ ಬಾಗಿಲಿಗೆ ನ್ಯಾಯ ಕೇಳಿಕೊಂಡು ಬಂದು ಕೂರುವ ಕಥೆ. ಓದುವಾಗ ಗಮನಕ್ಕೆ ಬಂದದ್ದು ಮುತವಲ್ಲಿ ಸಾಹೇಬರ ಸಿಟ್ಟಿನ ಮಾತಿಗಿಂತ ಹೆಚ್ಚಾಗಿ ಸುತ್ತಲಿನ ಹೆಂಗಸರ ಗುಸುಗುಸು. ಬಾನು ತೀರ್ಪನ್ನು ಆ ಗುಸುಗುಸುವಿನ ಕೈಗೆ ಕೊಡುತ್ತಾರೆ. ಮನೆಯೊಳಗಿನ ದಖ್ಖನಿ, ಬೀದಿಯ ಹಾಸನದ ಕನ್ನಡ, ಪ್ರಾರ್ಥನೆಯ ಅರಬ್ಬಿ ಒಂದರ ಮೇಲೊಂದು ಬೀಳುತ್ತವೆ. ದೀಪಾ ಭಾಸ್ತಿ ಇಂಗ್ಲಿಷಿನಲ್ಲಿ ಆ ಪದಗಳನ್ನು ಓರೆ ಅಕ್ಷರಕ್ಕೆ ಹಾಕದೆ, ಅಡಿಟಿಪ್ಪಣಿ ಹಚ್ಚದೆ ಬಿಟ್ಟದ್ದು ತೀರ ಸರಿ. ಮನೆಯಲ್ಲಿ ನಿತ್ಯ ಆಡುವ ಮಾತಿಗೆ ಪರದೇಶಿ ವೇಷ ಹಾಕಬೇಕಾಗಿಲ್ಲ. ಸಂಕಲನದ ಕೊನೆಯ ಕಥೆ ‘ಒಮ್ಮೆ ಹೆಣ್ಣಾಗು ಪ್ರಭುವೇ’ ದೇವರನ್ನೇ ಎದುರಿಗೆ ಕೂರಿಸಿಕೊಂಡು ಹೆಂಗಸೊಬ್ಬಳು ಆಡುವ ಮಾತು. ಇದನ್ನು ಮನಸ್ಸಿನಲ್ಲಿ ಓದುವುದೇ ತಪ್ಪು. ದೂರು ಕೊಡುವವಳು ಗಟ್ಟಿಯಾಗಿ ಕೊಡಬೇಕು. ನನ್ನ ತಂಗಿ ಅದನ್ನು ಓದಿದಾಗ ಮನೆಯ ಗಂಡಸರೆಲ್ಲ ತಲೆತಗ್ಗಿಸಿ ಕೂತಿದ್ದರು.

ಸೆಪ್ಟೆಂಬರ್ 24ರಂದು ಎಸ್.ಎಲ್. ಭೈರಪ್ಪ ತೀರಿಕೊಂಡರು. ಅವರ ವಿಚಾರಗಳ ಬಗ್ಗೆ ಜಗಳ ಅವರು ಬದುಕಿದ್ದಾಗಲೂ ಇತ್ತು, ಈಗಲೂ ಇದೆ, ಇರಲಿ. ಓದುಗನಾಗಿ ನನಗೆ ಅವರ ಎರಡು ಪುಸ್ತಕಗಳ ಋಣ ದೊಡ್ಡದು. ಆ ವಾರ ಎರಡನ್ನೂ ಮತ್ತೆ ಕೈಗೆತ್ತಿಕೊಂಡೆ. ಇಲ್ಲಿ ನನ್ನ ಕಿವಿಯ ಸಿದ್ಧಾಂತ ಒಂದು ಅಂಚಿಗೆ ಬಂದು ತಾಗಿತು.

1970ರ ‘ಗೃಹಭಂಗ’ ಕೇಳುವ ಪುಸ್ತಕ. ರಾಮಸಂದ್ರದ ಗಂಗಮ್ಮನ ಬೈಗುಳವನ್ನು ಮೆಲುದನಿಯಲ್ಲಿ ಓದಲಾಗುವುದಿಲ್ಲ. ಚೆನ್ನಿಗರಾಯನ ಸೋಮಾರಿತನ, ಅಪ್ಪಣ್ಣಯ್ಯನ ಪೆದ್ದುತನ ಎಲ್ಲ ಅವರ ಮಾತಿನಲ್ಲೇ ಇದೆ. ಇವರ ನಡುವೆ ನಂಜಮ್ಮ ಕಡಿಮೆ ಮಾತಾಡುತ್ತಾಳೆ. ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನು ಬರೆಯುತ್ತಾಳೆ, ಮಕ್ಕಳನ್ನು ಸಾಕುತ್ತಾಳೆ, ಪ್ಲೇಗು ಬಂದು ಒಂದೊಂದೇ ಜೀವ ತೆಗೆದುಕೊಂಡು ಹೋಗುವುದನ್ನು ನೋಡುತ್ತಾಳೆ. ಆ ಗದ್ದಲದ ಮನೆಯಲ್ಲಿ ಆಕೆಯ ಸುಮ್ಮನಿರುವಿಕೆಗೆ ಎಷ್ಟು ತೂಕ ಎಂಬುದು ಗಂಗಮ್ಮನನ್ನು ಪೂರ್ತಿ ದನಿಯಲ್ಲಿ ಓದಿದರೆ ಮಾತ್ರ ಗೊತ್ತಾಗುತ್ತದೆ. ಭೈರಪ್ಪನವರ ತಾಯಿ, ಒಡಹುಟ್ಟಿದವರು ಚನ್ನರಾಯಪಟ್ಟಣ ತಾಲೂಕಿನ ಸಂತೇಶಿವರದಲ್ಲಿ ಪ್ಲೇಗಿಗೆ ಬಲಿಯಾದದ್ದನ್ನು ಅವರ ಆತ್ಮಕಥೆ ‘ಭಿತ್ತಿ’ ಓದಿದವರು ಬಲ್ಲರು. ಬಾಲ್ಯದಲ್ಲಿ ಕಿವಿಗೆ ಬಿದ್ದ ಮಾತನ್ನು ಅವರು ಒಂದಕ್ಷರ ಮಾಸದಂತೆ ಉಳಿಸಿಕೊಂಡಿದ್ದರು.

1979ರ ‘ಪರ್ವ’ ಹಾಗಲ್ಲ. ಅದನ್ನೂ ಗಟ್ಟಿಯಾಗಿ ಓದಲು ಹೊರಟೆವು. ಶಲ್ಯನ ಭಾಗ ದಾಟುವುದರೊಳಗೆ ಪುಸ್ತಕ ಬೇಡ ಎನ್ನುತ್ತಿರುವುದು ಗೊತ್ತಾಯಿತು. ಕುಂತಿ, ದ್ರೌಪದಿ, ಭೀಷ್ಮ ಎಲ್ಲರೂ ಹೆಚ್ಚುಕಡಿಮೆ ಒಂದೇ ಕನ್ನಡದಲ್ಲಿ ನೆನೆಯುತ್ತಾರೆ. ಆ ಗದ್ಯ ದನಿಗಾಗಿ ಬರೆದದ್ದಲ್ಲ. ಅದು ಯೋಚನೆಯ ಗದ್ಯ: ನೆನಪಿನಿಂದ ನೆನಪಿಗೆ, ಧರ್ಮದ ಒಂದು ಪ್ರಶ್ನೆಯಿಂದ ಇನ್ನೊಂದಕ್ಕೆ ನಿಲ್ಲದೆ ನಡೆಯುವಂಥದ್ದು. ಪವಾಡಗಳನ್ನೆಲ್ಲ ತೆಗೆದು, ಮಹಾಭಾರತದ ಜನ ಏನು ತಿಂದರು, ಹೇಗೆ ಮಕ್ಕಳನ್ನು ಪಡೆದರು, ಯುದ್ಧಭೂಮಿಯಲ್ಲಿ ಹೆಣ ಹೇಗೆ ನಾರಿತು ಎಂದು ಕೇಳುವ ಆ ಕಾದಂಬರಿಗೆ ಏಕಾಂತವೇ ಬೇಕು. ಒಬ್ಬನೇ ರಾತ್ರಿಗಳಲ್ಲಿ ಓದಿ ಮುಗಿಸಿದೆ. ಕುಂತಿಯ ಭಾಗ ಕನ್ನಡ ಗದ್ಯದ ಮಹಾ ಸಾಧನೆಗಳಲ್ಲಿ ಒಂದು ಎಂಬ ನನ್ನ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಯಿತು.

ಕಣ್ಣಿನ ಪುಸ್ತಕಗಳು ಬೇರೆಯೂ ಇವೆ, ಅವುಗಳ ಮಟ್ಟ ಕಿವಿಯ ಪುಸ್ತಕಗಳಿಗಿಂತ ಕೆಳಗಿನದಲ್ಲ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಈ ವರ್ಷದ ಮಳೆಗಾಲದ ಜೊತೆಗಾರ. ಸಸ್ಯಶಾಸ್ತ್ರದ ಮೇಷ್ಟ್ರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮಘಟ್ಟಗಳಲ್ಲಿ ಅಲೆದ ಕಥನ. ಅಲ್ಲಿ ಗಿಡದ ರೇಖಾಚಿತ್ರ ಬರೆದದ್ದೂ ಅವರೇ. ಒಂದು ಎಲೆಯ ಅಂಚು, ಹೂವಿನ ಸೀಳು ನೋಡಲು ಪುಟದ ಮೇಲೆ ಕಣ್ಣು ನಿಲ್ಲಬೇಕು. ಆಮೇಲೆ ಕೊಡೆ ಹಿಡಿದು ಹೊರಗೆ ಹೋಗಿ ಬೇಲಿಯ ಗಿಡ ನೋಡಬೇಕು. ವಸುಧೇಂದ್ರರ ‘ತೇಜೋ ತುಂಗಭದ್ರಾ’ ಇನ್ನೊಂದು ಬಗೆ. ಲಿಸ್ಬನ್ನಿನ ಗೇಬ್ರಿಯಲ್ ಬೆಲ್ಲಾ ಒಂದು ಕಡೆ, ತುಂಗಭದ್ರೆಯ ದಂಡೆಯ ಹಂಪಮ್ಮ ಕೇಶವ ಇನ್ನೊಂದು ಕಡೆ, ನಡುವೆ ಹದಿನಾರನೆಯ ಶತಮಾನದ ಸಮುದ್ರ. ಅದು ಓಡುವ ಪುಸ್ತಕ, ಅದನ್ನು ನಿಧಾನ ಮಾಡಿಸುವುದು ಅನ್ಯಾಯ. ಯಶವಂತ ಚಿತ್ತಾಲರ ‘ಶಿಕಾರಿ’ಯನ್ನೂ ಬಾಯಿಮುಚ್ಚಿಯೇ ಓದಿದೆ. ಮುಂಬಯಿಯ ಕೋಣೆಯೊಳಗೆ ನಾಗಪ್ಪನ ತಲೆಯಲ್ಲಿ ನಡೆಯುವ ವಿಚಾರಣೆಗೆ ಎರಡನೆಯ ಮನುಷ್ಯ ಕೇಳುಗನಾಗಿ ಕೂತರೆ ಆ ಭಯ ಕರಗಿಹೋಗುತ್ತದೆ.

ಹೀಗೆ ಪುಸ್ತಕಗಳನ್ನು ಬಾಯಿಗೆ ಕೊಟ್ಟು ಪರೀಕ್ಷಿಸುತ್ತ ಹೋದಾಗ ಹೊಸಬರ ಬರಹದಲ್ಲಿ ಒಂದು ತೊಂದರೆ ಸ್ಪಷ್ಟವಾಗಿ ಕಾಣಿಸಿತು. ಒಳ್ಳೆಯ ವಸ್ತು, ಒಳ್ಳೆಯ ಮನಸ್ಸು, ಆದರೆ ಉಸಿರಿಗೆ ಸಿಗದ ವಾಕ್ಯ. ಅಂಥ ವಾಕ್ಯಗಳು ಬೇರೆ ಭಾಷೆಯಲ್ಲಿ ಹುಟ್ಟಿ ಕನ್ನಡದ ಅಂಗಿ ತೊಟ್ಟು ಬಂದಿರುತ್ತವೆ. ಕಣ್ಣು ಅವನ್ನು ಕ್ಷಮಿಸುತ್ತದೆ, ನಾಲಗೆ ಕ್ಷಮಿಸುವುದಿಲ್ಲ. ಬರೆಯುವ ಗೆಳೆಯರಿಗೆ ನನ್ನ ಪ್ರೀತಿಯ ಬೇಡಿಕೆ ಇಷ್ಟೆ: ಅಚ್ಚಿಗೆ ಕಳಿಸುವ ಮೊದಲು ಮನೆಯಲ್ಲಿ ಯಾರಿಗಾದರೂ ಓದಿ ಹೇಳಿ.

ನಮಗೆ ಇದು ಹೊಸ ವಿದ್ಯೆಯೇನೂ ಅಲ್ಲ. ಕುಮಾರವ್ಯಾಸನನ್ನು ಕನ್ನಡಿಗರು ಶತಮಾನಗಳ ಕಾಲ ಓದಿದ್ದಕ್ಕಿಂತ ಕೇಳಿದ್ದು ಹೆಚ್ಚು. ಶಿವಮೊಗ್ಗದಿಂದ ಸ್ವಲ್ಪ ದೂರದಲ್ಲಿ ತುಂಗೆಯ ಆಚೆ ಈಚೆ ಇರುವ ಮತ್ತೂರು, ಹೊಸಹಳ್ಳಿಗಳಲ್ಲಿ ಗಮಕ ಇನ್ನೂ ಬದುಕಿದೆ. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಕೊನೆಗೆ ಅವರು ತೀರಿಕೊಂಡರು. ಒಬ್ಬರು ವಾಚನ ಮಾಡುವುದು, ಇನ್ನೊಬ್ಬರು ವ್ಯಾಖ್ಯಾನ ಮಾಡುವುದು, ಊರು ಕೂತು ಕೇಳುವುದು. ಭಾಮಿನಿ ಷಟ್ಪದಿಯ ಮೂರು ನಾಲ್ಕು, ಮೂರು ನಾಲ್ಕು ಮಾತ್ರೆಗಳ ನಡೆಯನ್ನು ಛಂದಸ್ಸಿನ ಪುಸ್ತಕದಿಂದ ಕಲಿತವರಿಗೆ ಅದು ಲೆಕ್ಕ. ಗಮಕಿಯ ಬಾಯಿಂದ ಕೇಳಿದವರಿಗೆ ದ್ರೌಪದಿಯ ಸಿಟ್ಟು. ಈಗ ಫೋನಿನಲ್ಲೇ ಕೇಳುಪುಸ್ತಕಗಳು ಸಿಗುತ್ತಿರುವುದು ಸಂತೋಷದ ವಿಷಯ. ಪ್ರಯಾಣದಲ್ಲಿ ಕಥೆ ಕೇಳುವ ಹುಡುಗರನ್ನು ನೋಡಿದರೆ ಹಿಗ್ಗಾಗುತ್ತದೆ. ಆದರೂ ಎದುರಿಗೆ ಕೂತು ಓದುವವರನ್ನು ತಡೆದು “ಇನ್ನೊಮ್ಮೆ ಓದು” ಎನ್ನುವ ಅವಕಾಶಕ್ಕೆ ಅದು ಸಮನಲ್ಲ. ಆ ತಡೆಯುವಿಕೆಯಲ್ಲೇ ವ್ಯಾಖ್ಯಾನ ಹುಟ್ಟುತ್ತದೆ.

ಮುಂದಿನ ವರ್ಷಕ್ಕೆ ರಾವಬಹಾದ್ದೂರರ ‘ಗ್ರಾಮಾಯಣ’ವನ್ನು ಆಗಲೇ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. 1957ರಲ್ಲಿ ಬಂದ, ಪಾದಳ್ಳಿ ಎಂಬ ಉತ್ತರ ಕರ್ನಾಟಕದ ಹಳ್ಳಿಯೊಂದು ಮೆಲ್ಲಗೆ ಒಳಗಿನಿಂದ ಕುಸಿಯುವುದನ್ನು ಹೇಳುವ ದೊಡ್ಡ ಕಾದಂಬರಿ. ಅಲ್ಲಿ ಊರೇ ನಾಯಕ. ಕೃಷ್ಣಾ ತೀರದ ಆ ಮಾತು ನನ್ನ ನಾಲಗೆಗೆ ಹೊರಳುವುದಿಲ್ಲ, ಹೊರಳಿಸಲು ಹೋಗುವುದೂ ಇಲ್ಲ. ನಮ್ಮ ಬೀದಿಯಲ್ಲಿ ಜಮಖಂಡಿಯ ಕಡೆಯಿಂದ ವರ್ಗವಾಗಿ ಬಂದ ಕುಟುಂಬವೊಂದಿದೆ. ಆ ಮನೆಯ ಹಿರಿಯರನ್ನು ಕೇಳಿದ್ದೇನೆ. ಸಂಕ್ರಾಂತಿ ಮುಗಿಯಲಿ, ಶುರು ಮಾಡೋಣ ಎಂದಿದ್ದಾರೆ.